ಒಂದು ಚೀಲ ಮೂರಾಗಿದ್ದು ಹೇಗೆ: ವಖಾರಿಯ ತೂಕದ ಪ್ರೋಗ್ರಾಂ ರಿಪೇರಿ

ಐದು ಚೀಲ ಚಾಲಿ (ಒಣಗಿಸಿ ಸುಲಿದ ಅಡಿಕೆ) ತಂದವರಿಗೆ ಏಳು ಚೀಲದ ಚೀಟಿ ಕೊಟ್ಟಿದ್ದೆವು. ಮೂರು, ನಾಲ್ಕು, ಐದನೇ ಸಾಲಿನಲ್ಲಿ ಒಂದೇ ತೂಕ, 61.380 ಕೆಜಿ. ಪುಣ್ಯಕ್ಕೆ ಆ ರೈತರು ದೇವಿಕೆರೆ ತನಕ ಹೋಗಿ, ಚಹಾ ಕುಡಿಯುತ್ತಾ ಚೀಟಿ ಬಿಡಿಸಿ ನೋಡಿ ತಿರುಗಿ ಬಂದರು. "ನಾ ತಂದಿದ್ದೇ ಐದು ಮಾರಾಯ್ರೆ, ಉಳಿದ ಎರಡು ಯಾರದ್ದು?" ಅಂದರು. ಹೆಚ್ಚಿಗೆ ಬಂದ ತೂಕ 122.760 ಕೆಜಿ. ಅವರು ಸುಮ್ನೆ ಇದ್ದಿದ್ದರೆ ಮಾವನಿಗೆ ಒಂದು ಕ್ವಿಂಟಲ್‌ಗಿಂತ ಜಾಸ್ತಿ ಅಡಿಕೆಯ ದುಡ್ಡು ಹೋಗುತ್ತಿತ್ತು.

ಪ್ರೋಗ್ರಾಂ ಬರೆದವನು ನಾನೇ. ಓದುವಾಗ ರಜೆಯಲ್ಲಿ ಶಿರಸಿಗೆ ಬಂದು ಮಾವನ ಅಡಿಕೆ ವಖಾರಿಗೆ ಜಾವಾ ಭಾಷೆಯಲ್ಲಿ, ಅದರ ಸ್ವಿಂಗ್ (ವಿಂಡೋ, ಬಟನ್, ಟೇಬಲ್ ಕಟ್ಟುವ ಸಾಮಾನು) ಬಳಸಿ ಮಾಡಿಕೊಟ್ಟದ್ದು. ಅಂದಿನಿಂದ ಯಾರೂ ಮುಟ್ಟಿರಲಿಲ್ಲ. ಆಗೊಮ್ಮೆ ಈಗೊಮ್ಮೆ ಹ್ಯಾಂಗ್ ಆಗುತ್ತದೆ ಅಂತ ಗೊತ್ತಿತ್ತು. ಹ್ಯಾಂಗ್ ಆದರೆ ಕಾಯಬೇಕು, ಅಷ್ಟೇ ಅಂದುಕೊಂಡಿದ್ದೆವು.

"ತಮಾ, ಅದು ನಿಂತೋತು. ಹಾಂಗಾಗಿ ಮತ್ತೆರಡು ಸಲ ಒತ್ತಿದಿ" ಅಂದರು ಮಾವ. ಅಲ್ಲಿಗೆ ಅರ್ಧ ಪತ್ತೇದಾರಿ ಮುಗಿಯಿತು.

ಮೊದಲು ಸಾಮಾನು ಏನೇನಿದೆ ಹೇಳಿಬಿಡುತ್ತೇನೆ. 200 ಕೆಜಿಯ ತೂಕದ ಮಶಿನ್, 20 ಗ್ರಾಂ ಲೆಕ್ಕದಲ್ಲಿ ತೋರಿಸುತ್ತದೆ. ಅದರ ಡಿಸ್‌ಪ್ಲೇ ಪೆಟ್ಟಿಗೆಯ ಹಿಂದೆ ಸೀರಿಯಲ್ ಪೋರ್ಟ್. ಅಲ್ಲಿಂದ ಯುಎಸ್‌ಬಿ ಕೇಬಲ್ ಹಾಕಿ ಕಂಪ್ಯೂಟರ್‌ಗೆ. 9600 ಬಾಡ್ ವೇಗದಲ್ಲಿ ಸೆಕೆಂಡಿಗೆ ಹತ್ತು ಸಲದಂತೆ ಒಂದೊಂದು ಸಾಲು ಕಳಿಸುತ್ತಲೇ ಇರುತ್ತದೆ. ಸಾಲಿನಲ್ಲಿ ತೂಕ ಇರುತ್ತದೆ, ಮುಳ್ಳು ನಿಂತಿದೆಯೋ ಇನ್ನೂ ಅಲ್ಲಾಡುತ್ತಿದೆಯೋ ಅಂತ ಹೇಳುವ ಒಂದು ಅಕ್ಷರ ಇರುತ್ತದೆ. ಡಿಜಿಟಲ್ ಮಶಿನ್‌ಗೆ ಮುಳ್ಳೆಲ್ಲಿ ಅನ್ನಬೇಡಿ, ವಖಾರಿಯಲ್ಲಿ ಈಗಲೂ ಹಾಗೇ ಹೇಳುವುದು. ಕಂಪ್ಯೂಟರ್ ಹಳೇದು, 2 ಜಿಬಿ ರ‍್ಯಾಮ್, ಜಾವಾ 8. ಪಕ್ಕದಲ್ಲಿ ಕಿರಿಕಿರಿ ಮಾಡುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್.

'ಸೇರಿಸು' ಬಟನ್‌ನ ಹಿಂದಿನ ಕೋಡ್ ತೆರೆದು ನೋಡಿ ನಾಚಿಕೆಯಾಯಿತು. ಬಟನ್ ಒತ್ತಿದ ಕೂಡಲೇ ಪೋರ್ಟ್ ತೆರೆಯುವುದು, ಮುಳ್ಳು ನಿಲ್ಲುವ ತನಕ ಓದುತ್ತಾ ಕೂರುವುದು, ಪಕ್ಕದ ಕೋಣೆಯ ಕಂಪ್ಯೂಟರ್‌ನಲ್ಲಿ ಹಂಚಿಕೊಂಡಿದ್ದ ಫೋಲ್ಡರ್‌ಗೆ ಬರೆಯುವುದು, ಪ್ರಿಂಟರ್‌ಗೆ ಒಂದು ಸಾಲು ಕಳಿಸುವುದು. ಎಲ್ಲ ಅಲ್ಲೇ, ಒಂದರ ಹಿಂದೆ ಒಂದು. ಹಮಾಲರು ಚೀಲಕ್ಕೆ ಕೈ ಆನಿಸಿ ನಿಂತರೆ ಮುಳ್ಳು ನಿಲ್ಲುವುದೇ ಇಲ್ಲ. ಪ್ರೋಗ್ರಾಂ ಕೂಡ ಅಲ್ಲೇ ಕಾದುಕೊಂಡು ನಿಲ್ಲುತ್ತದೆ.

ಅನುಮಾನ ಬಂದರೆ ಸಾಲದು, ಕಣ್ಣಾರೆ ನೋಡಬೇಕಲ್ಲ. ಸೋಮವಾರ ಬೆಳಿಗ್ಗೆ ವಖಾರಿಯಲ್ಲೇ ಕುಳಿತೆ. ಹ್ಯಾಂಗ್ ಆದ ತಕ್ಷಣ ಇನ್ನೊಂದು ಕಪ್ಪು ಸ್ಕ್ರೀನ್ ತೆರೆದು ಜೆಪಿಎಸ್ (ಓಡುತ್ತಿರುವ ಜಾವಾ ಪ್ರೋಗ್ರಾಂಗಳ ಪಟ್ಟಿ ತೋರಿಸುವ ಕಮಾಂಡ್) ಕೊಟ್ಟು ಪ್ರೋಗ್ರಾಂನ ನಂಬರ್ ತಗೊಂಡೆ. ಆ ನಂಬರ್‌ಗೆ ಜೆಸ್ಟ್ಯಾಕ್, ಅಂದರೆ ಪ್ರೋಗ್ರಾಂ ಈ ಕ್ಷಣ ಯಾವ ಸಾಲಿನಲ್ಲಿದೆ ಅಂತ ತೋರಿಸುವ ಕಮಾಂಡ್. ಹತ್ತು ಸೆಕೆಂಡ್ ಬಿಟ್ಟು ಮತ್ತೊಮ್ಮೆ. ಇನ್ನೂ ಹತ್ತು ಸೆಕೆಂಡ್ ಬಿಟ್ಟು ಮತ್ತೊಮ್ಮೆ. ಒಂದೇ ಸಲ ನೋಡಿದರೆ ಅದು ಬರೀ ದಾಟಿ ಹೋಗುತ್ತಿರುವ ಜಾಗವೂ ಇರಬಹುದು. ಮೂರು ಸಲವೂ ಅಲ್ಲೇ ಇದ್ದರೆ ಅಲ್ಲೇ ಸಿಕ್ಕಿಕೊಂಡಿದೆ ಅಂತ ಲೆಕ್ಕ. ಮೂರರಲ್ಲೂ 'ಎಡಬ್ಲ್ಯುಟಿ-ಇವೆಂಟ್‌ಕ್ಯೂ-0' ಎಂಬ ಥ್ರೆಡ್ (ಪ್ರೋಗ್ರಾಂ ಒಳಗೆ ಒಂದರ ಹಿಂದೆ ಒಂದು ಕೆಲಸ ಮಾಡುವ ಕೆಲಸಗಾರ ಅನ್ನಿ) ಸೀರಿಯಲ್ ಪೋರ್ಟ್ ಓದುವ ಸಾಲಿನಲ್ಲೇ ಇತ್ತು.

ಇದೇ ಇವೆಂಟ್ ಡಿಸ್‌ಪ್ಯಾಚ್ ಥ್ರೆಡ್. ಚಿಕ್ಕದಾಗಿ ಇಡಿಟಿ. ಸ್ವಿಂಗ್‌ನಲ್ಲಿ ಬಟನ್ ಒತ್ತಿದ್ದನ್ನು ಕೇಳುವುದು, ಸ್ಕ್ರೀನ್ ಬಿಡಿಸುವುದು, ಟೇಬಲ್‌ಗೆ ಸಾಲು ಸೇರಿಸುವುದು ಎಲ್ಲ ಇದೊಂದೇ ಥ್ರೆಡ್‌ನ ಕೆಲಸ. ವಖಾರಿಯಲ್ಲಿ ಖಾತೆ ಪುಸ್ತಕ ಬರೆಯುವುದು ಗುಮಾಸ್ತರೊಬ್ಬರೇ ಅಲ್ವಾ, ಹಾಗೆ. ಉಳಿದವರು ಚೀಟಿ ತಂದು ಮೇಜಿನ ಮೇಲಿಡಬೇಕು. ನನ್ನ ಪ್ರೋಗ್ರಾಂನಲ್ಲಿ ಗುಮಾಸ್ತರೇ ಎದ್ದು ಹೋಗಿ ಮಶಿನ್ ಮುಂದೆ ಮುಳ್ಳು ನೋಡುತ್ತಾ ನಿಂತಿದ್ದರು. ಪುಸ್ತಕ ಹಾಗೇ ಬಿದ್ದಿತ್ತು.

ವಿಂಡೋಸ್‌ನಲ್ಲಿ ಇನ್ನೊಂದು ತಮಾಷೆಯಿದೆ. ನಮ್ಮ ವಿಂಡೋದ ತಲೆಯ ಮೇಲೆ 'ನಾಟ್ ರೆಸ್ಪಾಂಡಿಂಗ್' ಅಂತ ಬರುತ್ತಲೇ ಇರಲಿಲ್ಲ. ವಿಂಡೋಸ್‌ನಿಂದ ಬರುವ ಕ್ಲಿಕ್‌ಗಳನ್ನು ಇಸಿದುಕೊಳ್ಳಲು ಜಾವಾದಲ್ಲಿ ಬೇರೆಯೇ ಒಂದು ಥ್ರೆಡ್ ಇದೆ. ಅದು ಆರಾಮಾಗಿ ಓಡುತ್ತಿತ್ತು. ಮಾವ ಒತ್ತಿದ ಪ್ರತಿ ಕ್ಲಿಕ್ಕನ್ನೂ ತಗೊಂಡು ಇಡಿಟಿಯ ಕ್ಯೂನಲ್ಲಿ ಇಡುತ್ತಿತ್ತು. ಮುಳ್ಳು ನಿಂತು ಇಡಿಟಿ ಬಿಡುಗಡೆಯಾದ ಕೂಡಲೇ ಕಾದಿದ್ದ ಎರಡು ಕ್ಲಿಕ್ಕಿಗೂ ಸರದಿ ಬಂತು. ಚೀಲ ಇನ್ನೂ ಮಶಿನ್ ಮೇಲೇ ಇದೆ. ಹಾಗಾಗಿ ಮೂರು ಸಾಲು, ಮೂರಕ್ಕೂ ಒಂದೇ ತೂಕ.

ಮೊದಲ ದಿನದ ರಿಪೇರಿ ಹೇಳಲೇ ಬಾರದು, ಆದರೂ ಹೇಳುತ್ತೇನೆ. ಬಟನ್‌ನ ಕೋಡ್ ಶುರುವಾಗುವಾಗ ಬಟನ್ ಆಫ್ ಮಾಡಿದೆ, ಮುಗಿಯುವಾಗ ಆನ್ ಮಾಡಿದೆ. ಇನ್ನು ಎರಡನೇ ಸಲ ಒತ್ತಲು ಬರುವುದಿಲ್ಲ ಅಂತ ಖುಷಿಪಟ್ಟೆ. ಏನೂ ಬದಲಾಗಲಿಲ್ಲ. ಆಫ್ ಆಗುವುದೂ ಆನ್ ಆಗುವುದೂ ಒಂದೇ ಥ್ರೆಡ್‌ನಲ್ಲಿ, ಒಂದೇ ಉಸಿರಿನಲ್ಲಿ. ಕ್ಯೂನಲ್ಲಿದ್ದ ಕ್ಲಿಕ್‌ಗಳ ಸರದಿ ಬರುವಷ್ಟರಲ್ಲಿ ಬಟನ್ ಮತ್ತೆ ಆನ್ ಆಗಿರುತ್ತದೆ. ಆಫ್ ಆಗಿದ್ದು ಸ್ಕ್ರೀನ್ ಮೇಲೆ ಕಾಣಿಸುವುದೂ ಇಲ್ಲ, ಯಾಕಂದರೆ ಬಣ್ಣ ಬದಲಿಸಬೇಕಾದ ಥ್ರೆಡ್ ಕೂಡ ಅದೇ.

ಎರಡನೇ ದಿನ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಬಟನ್‌ನ ಕೋಡ್ ಅಷ್ಟನ್ನೂ ಎತ್ತಿ ಒಂದು ಹೊಸ ಥ್ರೆಡ್ ಒಳಗೆ ತುರುಕಿದೆ. ಹ್ಯಾಂಗ್ ಆಗುವುದು ನಿಂತಿತು. ಮಧ್ಯಾಹ್ನದ ತನಕ ಎಲ್ಲ ಚೆಂದ. ಆಮೇಲೆ 'ಹೊಸ ರೈತ' ಅಂತ ಒತ್ತಿ ಟೇಬಲ್ ಖಾಲಿ ಮಾಡುವಾಗ ಕೆಳಗಿನ ಅರ್ಧ ಟೇಬಲ್ ಬೂದು ಬಣ್ಣಕ್ಕೆ ತಿರುಗಿತು. ಲಾಗ್ ಫೈಲ್‌ನಲ್ಲಿ ಅರೇಇಂಡೆಕ್ಸ್‌ಔಟ್‌ಆಫ್‌ಬೌಂಡ್ಸ್ ಎಕ್ಸೆಪ್ಶನ್ (ಇಲ್ಲದ ಸಾಲು ಕೇಳಿದ್ದಕ್ಕೆ ಜಾವಾ ಕೊಡುವ ದೂರು), ಜೊತೆಗೆ '4 >= 0' ಅಂತ ಪುಟ್ಟ ಸಂದೇಶ. ಅದನ್ನು ಬಿಡಿಸಿ ಓದಿದರೆ ಕಥೆ ಸರಳ. ಇಡಿಟಿ ನಾಲ್ಕನೇ ನಂಬರಿನ ಸಾಲು ಬಿಡಿಸಲು ಹೋಗಿದೆ. ಅಷ್ಟರೊಳಗೆ ನನ್ನ ಥ್ರೆಡ್ ಹಿಂದಿನಿಂದ ಬಂದು ಎಲ್ಲ ಸಾಲು ಅಳಿಸಿದೆ. ಇರುವ ಸಾಲು ಸೊನ್ನೆ. ಸ್ವಿಂಗ್‌ನ ವಸ್ತುಗಳನ್ನು ಇಡಿಟಿಯ ಹೊರಗಿನಿಂದ ಮುಟ್ಟಬಾರದು ಅನ್ನುವ ನಿಯಮ ಇರುವುದು ಇದಕ್ಕೇ. ಸ್ವಿಂಗ್ ಬಂದದ್ದು 1998ರಲ್ಲಿ, ಜೆಡಿಕೆ 1.2 ಜೊತೆ. ಅಂದಿನಿಂದಲೂ ಅದು ಥ್ರೆಡ್ ಸೇಫ್ ಅಲ್ಲ, ಅಂದರೆ ಎರಡು ಥ್ರೆಡ್ ಒಟ್ಟಿಗೆ ಮುಟ್ಟಿದರೆ ಕೆಡಬಹುದು. ವಿಂಡೋ ತೆರೆಯುವ ಮೊದಲು ಪ್ರೋಗ್ರಾಂ ಶುರುವಾಗುವ ಮೇನ್ ಥ್ರೆಡ್‌ನಲ್ಲೇ ಕಟ್ಟಿಕೊಂಡರೆ ತೊಂದರೆಯಿಲ್ಲ ಅಂತ ಹಳೇ ಪಾಠಗಳಲ್ಲಿ ಇತ್ತು. ಆಮೇಲೆ ಅದನ್ನೂ ಬಿಡಿ, ಕಟ್ಟುವುದನ್ನೂ ಇಡಿಟಿಯಲ್ಲೇ ಮಾಡಿ ಅಂತಾಯಿತು.

ಕೆಟ್ಟ ವಿಷಯ ಏನೆಂದರೆ ಇಂಥ ತಪ್ಪು ದಿನಕ್ಕೆ ಇನ್ನೂರು ಸಲ ಸರಿಯಾಗಿಯೇ ನಡೆಯುತ್ತದೆ. ಇನ್ನೂರ ಒಂದನೇ ಸಲ ಕೈ ಕೊಡುತ್ತದೆ.

ಮೂರನೇ ದಿನದ ಸಾಹಸ ಇನ್ನೂ ದೊಡ್ಡದು. ಒಟ್ಟು ತೂಕದ ಲೆಕ್ಕವನ್ನು ಎರಡು ಥ್ರೆಡ್ ಮುಟ್ಟುತ್ತವೆ ಅಂತ ಅದಕ್ಕೊಂದು ಲಾಕ್ ಹಾಕಿದೆ, ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ. ಟೇಬಲ್‌ಗೆ ಸಾಲು ಸೇರಿಸುವುದನ್ನು ಇಡಿಟಿಗೆ ಒಪ್ಪಿಸಲು ಇನ್ವೋಕ್‌ಅಂಡ್‌ವೇಟ್ ಬಳಸಿದೆ. ಅಂದರೆ ಚೀಟಿ ಕೊಟ್ಟು, ಗುಮಾಸ್ತರು ಬರೆದು ಮುಗಿಸುವ ತನಕ ಅಲ್ಲೇ ನಿಲ್ಲುವುದು. ತಪ್ಪಾಗಿದ್ದು ಒಂದೇ ಕಡೆ. ಲಾಕ್ ಕೈಯಲ್ಲಿ ಹಿಡಿದುಕೊಂಡೇ ಕಾಯಲು ನಿಂತೆ. ಅದೇ ಹೊತ್ತಿಗೆ ಮಾವ 'ಹೊಸ ರೈತ' ಒತ್ತಿದರು. ಅದರ ಕೋಡ್‌ಗೂ ಅದೇ ಲಾಕ್ ಬೇಕು. ಇಡಿಟಿ ಲಾಕ್‌ಗಾಗಿ ಕಾದಿದೆ, ನನ್ನ ಥ್ರೆಡ್ ಇಡಿಟಿಗಾಗಿ ಕಾದಿದೆ. ಈ ಸಲ ಹ್ಯಾಂಗ್ ಆದದ್ದು ಬಿಡಿಸಿಕೊಳ್ಳಲೇ ಇಲ್ಲ, ಪ್ರೋಗ್ರಾಂ ಕೊಲ್ಲಬೇಕಾಯಿತು.

ಇಲ್ಲಿ ಜೆಸ್ಟ್ಯಾಕ್ ಕೂಡ ಸ್ವಲ್ಪ ಮೋಸ ಮಾಡಿತು. ಎರಡು ಥ್ರೆಡ್ ಒಂದರ ಲಾಕ್ ಒಂದು ಕೇಳುತ್ತಾ ನಿಂತರೆ ಅದು 'ಡೆಡ್‌ಲಾಕ್ ಸಿಕ್ಕಿದೆ' ಅಂತ ಕೊನೆಯಲ್ಲಿ ಬರೆದು ತೋರಿಸುತ್ತದೆ. ಇಲ್ಲಿ ಅಂಥದ್ದೇನೂ ಬರಲಿಲ್ಲ. ಯಾಕಂದರೆ ನನ್ನ ಥ್ರೆಡ್ ಕಾಯುತ್ತಿದ್ದದ್ದು ಲಾಕ್‌ಗಾಗಿ ಅಲ್ಲ, ಇಡಿಟಿ ಬಂದು ಎಬ್ಬಿಸಲಿ ಅಂತ. ಅದನ್ನು ಜೆಸ್ಟ್ಯಾಕ್ ಡೆಡ್‌ಲಾಕ್ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ನಾವೇ ಸಾಲುಗಳನ್ನು ಓದಬೇಕು. ಇಡಿಟಿಯ ಕೆಳಗೆ ಯಾವ ವಿಳಾಸದ ಲಾಕ್‌ಗೆ ಕಾಯುತ್ತಿದೆ ಅಂತ ಇರುತ್ತದೆ. ಇನ್ನೊಂದು ಥ್ರೆಡ್ ಕೆಳಗೆ ಯಾವ ವಿಳಾಸದ ಲಾಕ್ ಹಿಡಿದಿದೆ ಅಂತ ಇರುತ್ತದೆ. ಎರಡು ವಿಳಾಸ ಒಂದೇ ಇತ್ತು. ಪೆನ್ನಿನಲ್ಲಿ ಗೋಲ ಹಾಕಿ ಆ ಕಾಗದ ಇನ್ನೂ ಇಟ್ಟುಕೊಂಡಿದ್ದೇನೆ. ಆವತ್ತಿನಿಂದ ಇನ್ವೋಕ್‌ಅಂಡ್‌ವೇಟ್‌ನ ಸಹವಾಸ ಬಿಟ್ಟೆ. ಇನ್ವೋಕ್‌ಲೇಟರ್ ಸಾಕು. ಚೀಟಿ ಇಟ್ಟು ಬರುವುದು, ಕಾಯುವುದಿಲ್ಲ.

ಗುರುವಾರ ಕಂಪ್ಯೂಟರ್ ಮುಟ್ಟಲಿಲ್ಲ. ವಖಾರಿಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೆಲಸ ನೋಡಿದೆ. ಚೀಲ ಬರುತ್ತದೆ, ಮಶಿನ್ ಮೇಲೆ ಕೂರುತ್ತದೆ, ತೂಕ ಮೇಲೆ ಕೆಳಗೆ ಆಡಿ ನಿಲ್ಲುತ್ತದೆ, ಮಾವ ಒತ್ತುತ್ತಾರೆ, ಚೀಲ ಇಳಿಯುತ್ತದೆ. ನೋಡುತ್ತಾ ನೋಡುತ್ತಾ ಹೊಳೆದದ್ದು ಇಷ್ಟು. ಒಂದು ಥ್ರೆಡ್‌ನಿಂದ ಇನ್ನೊಂದಕ್ಕೆ ದಾಟಿಸುವ ವಿಷಯಗಳೆಲ್ಲ ಒಂದೇ ಜಾತಿಯವಲ್ಲ. ಮಶಿನ್ ಹೇಳುವ ತೂಕದಲ್ಲಿ ಕೊನೆಯದೊಂದು ಸಾಕು. ಅರ್ಧ ಸೆಕೆಂಡ್ ಹಿಂದಿನ ತೂಕ ಯಾರಿಗೂ ಬೇಡ, ಬಿದ್ದುಹೋದರೂ ನಷ್ಟವಿಲ್ಲ. ಚೀಟಿಯ ಸಾಲು ಹಾಗಲ್ಲ, ಒಂದೂ ಕಳೆಯಬಾರದು, ಸರದಿ ತಪ್ಪಬಾರದು, ಎರಡು ಸಲ ಬರಬಾರದು. ನಾನು ಎರಡನ್ನೂ ಒಂದೇ ದಾರಿಯಲ್ಲಿ ಅಟ್ಟುತ್ತಿದ್ದೆ.

ಹಾಗಾಗಿ ಹೊಸದಾಗಿ ಕಟ್ಟಿದೆ. ಪೋರ್ಟ್ ಓದಲು ಒಂದೇ ಥ್ರೆಡ್, ಬೆಳಿಗ್ಗೆ ಶುರುವಾದರೆ ಸಂಜೆ ತನಕ ಓದುವುದೇ ಅದರ ಕೆಲಸ. 500 ಮಿಲಿಸೆಕೆಂಡ್ ಏನೂ ಬರದಿದ್ದರೆ ಓದುವುದು ಬಿಟ್ಟು ಹೊರಗೆ ಬಂದು, ನಿಲ್ಲಿಸು ಅಂದಿದ್ದಾರಾ ಅಂತ ನೋಡಿ ಮತ್ತೆ ಒಳಗೆ ಹೋಗುತ್ತದೆ. ಪ್ರತಿ ಸಾಲಿಗೂ ಒಂದು ಪುಟ್ಟ ಆಬ್ಜೆಕ್ಟ್ ಮಾಡುತ್ತದೆ. ಅದರಲ್ಲಿ ಗ್ರಾಂ ಲೆಕ್ಕದ ತೂಕ, ಮುಳ್ಳು ನಿಂತಿದೆಯಾ ಅನ್ನುವುದು, ಬಂದ ಹೊತ್ತು. ಎಲ್ಲ ಫೈನಲ್, ಒಮ್ಮೆ ಬರೆದರೆ ಯಾರೂ ತಿದ್ದುವ ಹಾಗಿಲ್ಲ. ತೂಕ ಪೂರ್ಣಾಂಕದಲ್ಲೇ ಇಟ್ಟೆ. ದುಡ್ಡು ಮತ್ತು ತೂಕಕ್ಕೆ ಡಬಲ್ (ದಶಮಾಂಶ ಸಂಖ್ಯೆಯನ್ನು ಅಂದಾಜಾಗಿ ಇಡುವ ಬಗೆ) ಬಳಸಿದವರ ಗೋಳು ಸಾಕಷ್ಟು ನೋಡಿದ್ದೇನೆ. ಹೊತ್ತಿಗೆ ಗಡಿಯಾರದ ಟೈಮ್ ಬೇಡ ಅಂತ ಕಳೆದ ಹೊತ್ತನ್ನಷ್ಟೇ ಅಳೆಯುವ ನ್ಯಾನೋಟೈಮ್ ತಗೊಂಡೆ. ಈ ಕಂಪ್ಯೂಟರ್‌ನ ಒಳಗಿನ ಬ್ಯಾಟರಿ ಸತ್ತಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಎಲ್ಲಿಗೋ ಹಾರಿ, ಇಂಟರ್ನೆಟ್ ಸಿಕ್ಕ ಮೇಲೆ ತಿರುಗಿ ಬರುತ್ತದೆ.

ಪೋರ್ಟ್ ಥ್ರೆಡ್ ಆ ಆಬ್ಜೆಕ್ಟನ್ನು ಒಂದು ಅಟಾಮಿಕ್‌ರೆಫರೆನ್ಸ್‌ನಲ್ಲಿ, ಅಂದರೆ ಲಾಕ್ ಇಲ್ಲದೆ ಎಲ್ಲ ಥ್ರೆಡ್‌ಗಳೂ ನೋಡಬಹುದಾದ ಪೆಟ್ಟಿಗೆಯಲ್ಲಿ, ಇಡುತ್ತದೆ. ಹೊಸದು ಬಂದರೆ ಹಳೇದು ಹೋಯಿತು. ಇಡಿಟಿ ಕಡೆ ಸ್ವಿಂಗ್‌ನದೇ ಟೈಮರ್ ಇಟ್ಟೆ. ಅದು 100 ಮಿಲಿಸೆಕೆಂಡ್‌ಗೊಮ್ಮೆ ಎದ್ದು ಕೊನೆಯ ತೂಕ ನೋಡಿ ದೊಡ್ಡ ಅಕ್ಷರದಲ್ಲಿ ತೋರಿಸುತ್ತದೆ. ಜಾವಾದಲ್ಲಿ ಟೈಮರ್ ಎಂಬ ಹೆಸರಿನವು ಎರಡಿವೆ, ಎಚ್ಚರ. ಯುಟಿಲ್ ಪ್ಯಾಕೇಜಿನದು ತನ್ನದೇ ಥ್ರೆಡ್‌ನಲ್ಲಿ ಓಡುತ್ತದೆ. ಸ್ವಿಂಗ್ ಪ್ಯಾಕೇಜಿನದು ಇಡಿಟಿಯಲ್ಲೇ ಓಡುತ್ತದೆ, ನಮಗೆ ಬೇಕಾದದ್ದು ಅದೇ. ಪ್ರತಿ ಸಾಲಿಗೂ ಇನ್ವೋಕ್‌ಲೇಟರ್ ಯಾಕೆ ಕೊಡಲಿಲ್ಲ ಅಂದರೆ, ಇಡಿಟಿ ಎಲ್ಲಾದರೂ ಎರಡು ಸೆಕೆಂಡ್ ತಡವಾದರೆ ಇಪ್ಪತ್ತು ತೂಕ ಸಾಲಾಗಿ ಕಾದಿರುತ್ತವೆ. ಆಮೇಲೆ ಕಾದಿದ್ದವೆಲ್ಲ ಒಂದರ ಹಿಂದೆ ಒಂದು ಸ್ಕ್ರೀನ್ ಮೇಲೆ ಓಡುತ್ತವೆ. ಅದನ್ನು ನೋಡಿ ಯಾರು ನಂಬುತ್ತಾರೆ?

ಕೊನೆಯ ಸಾಲು ಬಂದು ಒಂದು ಸೆಕೆಂಡ್ ದಾಟಿದರೆ ತೂಕ ಕೆಂಪಾಗುತ್ತದೆ, 'ಸೇರಿಸು' ಕೆಲಸ ಮಾಡುವುದಿಲ್ಲ. ಕೇಬಲ್ ಸಡಿಲಾದರೆ ಹಳೇ ಚೀಲದ ತೂಕ ಹೊಸ ಚೀಲಕ್ಕೆ ಹತ್ತಬಾರದಲ್ಲ.

ಚೀಟಿಯ ಸಾಲಿಗೆ ಒಂದೇ ಥ್ರೆಡ್ ಇರುವ ಎಕ್ಸಿಕ್ಯೂಟರ್, ಅಂದರೆ ಕೊಟ್ಟ ಕೆಲಸಗಳನ್ನು ಕ್ಯೂನಲ್ಲಿಟ್ಟು ಸರದಿಯಂತೆ ಮಾಡಿಸುವ ಸಾಮಾನು. ಬಟನ್ ಒತ್ತಿದರೆ ಆ ಕ್ಷಣದ ತೂಕದ ಆಬ್ಜೆಕ್ಟ್ ಹಿಡಿದು, ಟೇಬಲ್‌ನಲ್ಲಿ ಹಳದಿ ಸಾಲು ಹಾಕಿ, ಬರೆಯುವ ಕೆಲಸವನ್ನು ಆ ಕ್ಯೂಗೆ ಕೊಟ್ಟು ಇಡಿಟಿ ವಾಪಸ್. ಡಿಸ್ಕ್‌ಗೆ ಬರೆದಾದ ಮೇಲೆ ಇನ್ವೋಕ್‌ಲೇಟರ್ ಮೂಲಕ ಸಾಲು ಬಿಳಿಯಾಗುತ್ತದೆ. ಹಳದಿ ಹೋಗದಿದ್ದರೆ ಬರೆದಿಲ್ಲ ಅಂತ ಮಾವನಿಗೂ ಗೊತ್ತಾಗುತ್ತದೆ. ಪ್ರಿಂಟರ್‌ಗೆ ಬೇರೆ ಎಕ್ಸಿಕ್ಯೂಟರ್. ಕಾಗದ ಮುಗಿದು ಪ್ರಿಂಟರ್ ನಿಂತರೆ ಡಿಸ್ಕ್‌ಗೆ ಬರೆಯುವುದೂ ನಿಲ್ಲಬಾರದು. ಲೆಕ್ಕ ಬರೆದಿಡುವ ಎಸ್‌ಕ್ಯೂಲೈಟ್ ಡೇಟಾಬೇಸ್ ಫೈಲನ್ನು ಹಂಚಿಕೊಂಡ ಫೋಲ್ಡರ್‌ನಿಂದ ತೆಗೆದು ಇದೇ ಕಂಪ್ಯೂಟರ್‌ಗೆ ತಂದೆ. ನೆಟ್‌ವರ್ಕ್ ಫೋಲ್ಡರ್ ಮೇಲೆ ಅದರ ಲಾಕ್‌ಗಳನ್ನು ನಂಬುವ ಹಾಗಿಲ್ಲ.

ಇನ್ನು ಮೂರು ಕ್ಲಿಕ್ಕಿನ ವಿಷಯ. ಒಂದು ಚೀಲ ಸೇರಿಸಿದ ಮೇಲೆ ಮಶಿನ್ ಒಂದು ಕೆಜಿಗಿಂತ ಕೆಳಗೆ ಇಳಿಯುವ ತನಕ ಇನ್ನೊಂದು ಸೇರಿಸಬಾರದು ಅಂತ ನಿಯಮ ಮಾಡಿದೆ. ಅದನ್ನು ಟೈಮರ್ ಒಳಗೇ ನೋಡುತ್ತಿದ್ದೆ. ಸರಿಯಾಗಿಯೇ ಕಾಣುತ್ತಿತ್ತು.

ಭಾನುವಾರ ವಖಾರಿಗೆ ರಜೆ. ಮನೆಯಿಂದ ಎರಡು ಚೀಲ ತೆಂಗಿನಕಾಯಿ ತಂದು ನಾನೇ ಹಮಾಲನಾದೆ. ಸೊಂಟ ಹಿಡಿದುಕೊಂಡಿತು, ಅದು ಬಿಡಿ. ಪರೀಕ್ಷೆಗೆ ಅಂತ ಒಂದು ಗುಟ್ಟಿನ ಬಟನ್ ಇಟ್ಟಿದ್ದೆ. ಅದನ್ನು ಒತ್ತಿದರೆ ಇಡಿಟಿ ಎಂಟು ಸೆಕೆಂಡ್ ಮಲಗುತ್ತದೆ. ಮೊದಲ ಚೀಲ ಸೇರಿಸಿ, ಗುಟ್ಟಿನ ಬಟನ್ ಒತ್ತಿ, ಓಡಿಹೋಗಿ ಚೀಲ ಇಳಿಸಿ ಎರಡನೇದನ್ನು ಹತ್ತಿಸಿದೆ. ಇಡಿಟಿ ಎದ್ದಿತು. 'ಸೇರಿಸು' ಒತ್ತಿದರೆ 'ಇದೇ ಚೀಲ ಸೇರಿಸಿಯಾಗಿದೆ' ಅನ್ನುತ್ತಿದೆ! ಮಶಿನ್ ಖಾಲಿಯಾಗಿದ್ದು ಇಡಿಟಿ ಮಲಗಿದ್ದಾಗ. ಕೊನೆಯದು ಮಾತ್ರ ಉಳಿಸಿಕೊಳ್ಳುವ ಪೆಟ್ಟಿಗೆಯಲ್ಲಿ ಆ ಸೊನ್ನೆ ಅಳಿಸಿಹೋಗಿತ್ತು. ತೂಕ ಕಳೆದರೆ ಪರವಾಗಿಲ್ಲ ಅಂದೆನಲ್ಲ, ಆದರೆ 'ಚೀಲ ಇಳಿಯಿತು' ಅನ್ನುವುದು ಕಳೆಯಬಾರದ ಜಾತಿಯದು. ಅದನ್ನು ನಾನು ತಪ್ಪು ದಾರಿಗೆ ಹಾಕಿದ್ದೆ.

ತಿದ್ದಿದ್ದು ಸುಲಭ. ಚೀಲ ಎಣಿಸುವ ಕೆಲಸವನ್ನು ಒಂದು ಸಾಲೂ ಬಿಡದೆ ನೋಡುವ ಪೋರ್ಟ್ ಥ್ರೆಡ್‌ಗೇ ಕೊಟ್ಟೆ. ಒಂದು ಕೆಜಿಗಿಂತ ಕೆಳಗೆ ಹೋಗಿ ಐದು ಕೆಜಿಗಿಂತ ಮೇಲೆ ಬಂದರೆ ಚೀಲದ ನಂಬರ್ ಒಂದು ಜಾಸ್ತಿ. ಆ ನಂಬರ್ ತೂಕದ ಆಬ್ಜೆಕ್ಟ್ ಒಳಗೇ ಕೂತು ಬರುತ್ತದೆ. ಇಡಿಟಿ ಕೊನೆಗೆ ಸೇರಿಸಿದ ನಂಬರ್ ನೆನಪಿಟ್ಟುಕೊಂಡು ಹೋಲಿಸುತ್ತದೆ, ಅಷ್ಟೇ. ಆ ನೆನಪನ್ನು ಮುಟ್ಟುವುದು ಇಡಿಟಿ ಮಾತ್ರ, ಹಾಗಾಗಿ ಲಾಕ್ ಬೇಡ. ಇಡೀ ಪ್ರೋಗ್ರಾಂನಲ್ಲಿ ನಾನು ಬರೆದ ಲಾಕ್ ಈಗ ಒಂದೂ ಇಲ್ಲ.

ರೈತರ ಹೆಸರು ಹುಡುಕುವುದಕ್ಕೆ ಸ್ವಿಂಗ್‌ವರ್ಕರ್ ಹಾಕಿದೆ. 2006ರಲ್ಲಿ ಜಾವಾ 6ರ ಜೊತೆ ಬಂದ ಸಾಮಾನು. ಹಿಂದೆ ಕೆಲಸ ಮಾಡಿ, ಮುಗಿದ ಮೇಲೆ 'ಡನ್' ಅನ್ನುವುದನ್ನು ಇಡಿಟಿಯಲ್ಲೇ ಕರೆಯುತ್ತದೆ. ಅದರಲ್ಲೊಂದು ಹಳ್ಳವಿದೆ, ನಾನು ಬಿದ್ದೆ. ಹಿಂದೆ ಎಕ್ಸೆಪ್ಶನ್ ಆದರೆ ಅದು ನುಂಗಿಕೊಂಡು ಸುಮ್ಮನಿರುತ್ತದೆ. 'ಡನ್' ಒಳಗೆ 'ಗೆಟ್' ಕರೆದರೆ ಮಾತ್ರ ಹೊರಗೆ ಉಗುಳುತ್ತದೆ. ನಾನು ಕರೆದಿರಲಿಲ್ಲ. ಹುಡುಕಿದ ಹೆಸರು ಒಂದೊಂದು ಸಲ ಸಿಗುವುದೇ ಇಲ್ಲ, ದೂರೂ ಇಲ್ಲ. 'ಗೆಟ್' ಸೇರಿಸಿದ ಮೇಲೆ ಗೊತ್ತಾಯಿತು: 'ಡೇಟಾಬೇಸ್ ಈಸ್ ಲಾಕ್ಡ್'. ಬರೆಯುವ ಥ್ರೆಡ್ ಬರೆಯುತ್ತಿರುವಾಗಲೇ ಇದು ಓದಲು ಹೋಗಿತ್ತು. ಎಸ್‌ಕ್ಯೂಲೈಟನ್ನು ವಾಲ್ ಮೋಡ್‌ಗೆ (ಒಬ್ಬರು ಬರೆಯುವಾಗಲೂ ಉಳಿದವರು ಓದಬಹುದಾದ ವಿಧಾನ) ಹಾಕಿ, ಮೂರು ಸೆಕೆಂಡ್ ಕಾಯಲು ಹೇಳಿದೆ. ನಿಂತಿತು.

ಮುಚ್ಚುವಾಗಲೂ ಅವಸರ ಮಾಡುವ ಹಾಗಿಲ್ಲ. ಎಕ್ಸ್ ಒತ್ತಿದರೆ ವಿಂಡೋ ತಾನಾಗಿ ಮುಚ್ಚದ ಹಾಗೆ ಮಾಡಿದೆ. ಬರೆಯುವ ಕ್ಯೂಗೆ ಹೊಸ ಕೆಲಸ ನಿಲ್ಲಿಸಿ, ಇದ್ದದ್ದು ಮುಗಿಯಲು ಮೂವತ್ತು ಸೆಕೆಂಡ್ ತನಕ ಬೇರೊಂದು ಥ್ರೆಡ್ ಕಾಯುತ್ತದೆ. ಆಮೇಲೆ ವಿಂಡೋ ಮುಚ್ಚು ಅಂತ ಇಡಿಟಿಗೆ ಚೀಟಿ.

ಕೊನೆಗೆ ಒಂದು ಕಾವಲುಗಾರನನ್ನು ಕೂರಿಸಿದೆ. ಜಾವಾದ ಇವೆಂಟ್‌ಕ್ಯೂ ಕ್ಲಾಸನ್ನೇ ಸ್ವಲ್ಪ ಬದಲಿಸಿ, ಪ್ರತಿ ಇವೆಂಟ್‌ಗೂ ಎಷ್ಟು ಹೊತ್ತಾಯಿತು ಅಂತ ಅಳೆದು, 200 ಮಿಲಿಸೆಕೆಂಡ್ ದಾಟಿದರೆ ಲಾಗ್‌ನಲ್ಲಿ ಬರೆಯುವ ಹಾಗೆ ಸಿಸ್ಟಮ್ ಕ್ಯೂ ಮೇಲೆ ಪುಶ್ ಮಾಡಿದೆ. ಇಪ್ಪತ್ತು ಸಾಲಿನ ಕೋಡ್, ಆದರೆ ಇದನ್ನೇ ಮೊದಲ ದಿನ ಹಾಕಬೇಕಿತ್ತು. ಮೂರು ವಾರದಲ್ಲಿ ಲಾಗ್‌ನಲ್ಲಿ ಬಿದ್ದದ್ದು ಬೆಳಿಗ್ಗೆ ವಿಂಡೋ ಮೊದಲ ಸಲ ತೆರೆಯುವ ಸಾಲುಗಳು ಮಾತ್ರ. ಅದಕ್ಕೆ ನಾನು ಕೈ ಹಾಕಲಿಲ್ಲ.

ಇನ್ನೊಂದು ಜಾತಿಯ ಸಾಲು ಮಾತ್ರ ದಿನಾ ತುಂಬ ಇರುತ್ತದೆ: 'ಅದೇ ಚೀಲ, ಬಿಟ್ಟಿದೆ'. ಚೀಲಕ್ಕೊಂದರಂತೆ. ಹೋಗಿ ನೋಡಿದರೆ ಮಾವ ಈಗಲೂ ಎರಡೆರಡು ಸಲ ಒತ್ತುತ್ತಿದ್ದಾರೆ.

"ಮಾವಾ, ಈಗ ಒಂದೇ ಸಲ ಒತ್ತಿದ್ರೆ ಸಾಕು."

"ಗೊತ್ತಿದ್ದೋ ತಮಾ. ಆದ್ರೂ ಇರ್ಲಿ ಹೇಳಿ."